ಮಾರ್ಕೋನಿಯವರ ಮೂರು ಚುಕ್ಕೆಗಳು

ಕಳೆದ ವರ್ಷದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಭೌತವಿಜ್ಞಾನದ ಒಂದು ಪಾಠಕ್ಕೆ ನಾನು ಕಡಿಮೆ ಅಂಕ ಕೊಟ್ಟೆ. ಒಂಬತ್ತನೆಯ ತರಗತಿ, ವಿಷಯ ಗುಲ್ಯೆಲ್ಮೊ ಮಾರ್ಕೋನಿಯವರ ಜೀವನ. ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಪೀಠಿಕೆಯನ್ನು ಚೆನ್ನಾಗಿ ಹಾಕಿದ್ದರು, ಭೂಪಟ ತಂದಿದ್ದರು, ಕರಿಹಲಗೆಯ ಕೆಲಸವೂ ಅಚ್ಚುಕಟ್ಟಾಗಿತ್ತು. ಆದರೆ 1901ರ ಅಟ್ಲಾಂಟಿಕ್ ಪ್ರಯೋಗಕ್ಕೆ ಬಂದಾಗ, ಆ ಸಂಕೇತವನ್ನು ಕೇಳಿದವರು ಇಬ್ಬರೇ, ಅದನ್ನು ನಂಬದವರು ಅಂದೂ ಇದ್ದರು, ಇಂದೂ ಇದ್ದಾರೆ ಎಂದು ಮಕ್ಕಳಿಗೆ ಹೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಹಾಗಾದರೆ ಅದು ನಿಜವೋ ಸುಳ್ಳೋ ಎಂದು ಕೇಳಿದ. ಆಕೆ ಗೊತ್ತಿಲ್ಲ ಎಂದರು. ನಾನು ವೀಕ್ಷಣಾ ಹಾಳೆಯಲ್ಲಿ, ವಿಷಯ ನಿರೂಪಣೆಯಲ್ಲಿ ಖಚಿತತೆ ಸಾಲದು, ಮಕ್ಕಳಲ್ಲಿ ಅನಗತ್ಯ ಗೊಂದಲ ಹುಟ್ಟಿದೆ ಎಂದು ಬರೆದೆ.

ಆ ಷರಾ ತಪ್ಪು ಎಂದು ನನಗೆ ತಿಳಿದದ್ದು ಯಾವುದೇ ಪುಸ್ತಕದಿಂದಲ್ಲ, ನಮ್ಮ ಊರಿನ ತೋಟದ ಬಾವಿಯಿಂದ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಮೊದಲು ಮಾರ್ಕೋನಿಯವರ ಜೀವನವನ್ನು, ನಾನೇ ತರಗತಿಯಲ್ಲಿ ನಿಂತಿದ್ದರೆ ಈಗ ಹೇಗೆ ಹೇಳುತ್ತಿದ್ದೆನೋ ಹಾಗೆ ಬರೆಯುತ್ತೇನೆ.

ಅವರು ಹುಟ್ಟಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೊನ್ಯಾದಲ್ಲಿ. ತಂದೆ ಜ್ಯುಸೆಪ್ಪೆ ಜಮೀನುದಾರರು. ತಾಯಿ ಆ್ಯನಿ ಜೇಮ್ಸನ್ ಐರ್ಲೆಂಡಿನವರು, ಹೆಸರಾದ ವಿಸ್ಕಿ ತಯಾರಕರ ಮನೆತನದವರು. ಹುಡುಗ ಶಾಲೆಯಲ್ಲಿ ಮಿಂಚಿದವನಲ್ಲ, ವಿಶ್ವವಿದ್ಯಾಲಯದ ಪದವಿಯನ್ನೂ ಪಡೆಯಲಿಲ್ಲ. ಬೊಲೊನ್ಯಾದ ಭೌತವಿಜ್ಞಾನ ಪ್ರಾಧ್ಯಾಪಕ ಔಗುಸ್ತೊ ರೀಗಿ ಅವರ ಪರಿಚಯವಿದ್ದುದರಿಂದ ಪ್ರಯೋಗಾಲಯವನ್ನೂ ಗ್ರಂಥಾಲಯವನ್ನೂ ನೋಡುವ ಅವಕಾಶ ಮಾತ್ರ ಸಿಕ್ಕಿತು. ನಮ್ಮ ಅನೇಕ ಪಾಠ ಯೋಜನೆಗಳಲ್ಲಿ ಈ ಭಾಗ, ಓದದೆಯೂ ದೊಡ್ಡವರಾಗಬಹುದು ಎಂಬ ನೀತಿಗೆ ತಿರುಗಿಬಿಡುತ್ತದೆ. ಹಾಗೆ ಮಾಡಬೇಡಿ. ಅವರು ಓದಿದ್ದರು, ಶಾಲೆಯ ಹೊರಗೆ ಓದಿದ್ದರು, ಮನೆಯಲ್ಲಿ ಹಣವೂ ಇತ್ತು.

1894ರ ಜನವರಿ 1ರಂದು ಜರ್ಮನಿಯ ಹೈನ್ರಿಕ್ ಹರ್ಟ್ಸ್ 36ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿದ್ಯುತ್ಕಾಂತೀಯ ತರಂಗಗಳನ್ನು ಮೊದಲು ಪ್ರಯೋಗದಲ್ಲಿ ತೋರಿಸಿದವರು ಅವರು. ಅವರ ಕೆಲಸದ ಬಗ್ಗೆ ಅದೇ ವರ್ಷ ಬಂದ ಬರಹವನ್ನು 20 ವರ್ಷದ ಮಾರ್ಕೋನಿ ಬೇಸಿಗೆಯ ರಜೆಯಲ್ಲಿ ಓದಿದರು. ಹರ್ಟ್ಸ್ ಅವರಿಗೆ ತರಂಗ ಇದೆಯೇ ಇಲ್ಲವೇ ಎಂಬುದು ಮುಖ್ಯವಾಗಿತ್ತು. ಕೋಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಸಾಕಾಗಿತ್ತು. ಮಾರ್ಕೋನಿಯವರ ತಲೆಗೆ ಹತ್ತಿದ ಪ್ರಶ್ನೆ ಬೇರೆ. ಇದು ಎಷ್ಟು ದೂರ ಹೋದೀತು? ಮುಂದಿನ 40 ವರ್ಷ ಅವರು ಕೇಳಿದ್ದು ಈ ಒಂದನ್ನೇ ಎಂದರೆ ಹೆಚ್ಚಲ್ಲ.

ಪೊಂತೆಕ್ಯೊ ಎಂಬಲ್ಲಿದ್ದ ಮನೆಯ ಅಟ್ಟದಲ್ಲಿ ಕೆಲಸ ಶುರುವಾಯಿತು. ಒಂದು ಕಡೆ ಕಿಡಿ ಹಾರಿಸುವ ಸಾಧನ, ಇನ್ನೊಂದು ಕಡೆ ಕೊಹೀರರ್, ಅಂದರೆ ಲೋಹದ ಪುಡಿ ತುಂಬಿದ ಸಣ್ಣ ಗಾಜಿನ ನಳಿಗೆ. ತರಂಗ ತಾಗಿದಾಗ ಪುಡಿಯ ಕಣಗಳು ಅಂಟಿಕೊಂಡು ವಿದ್ಯುತ್ ಹರಿಯಲು ಬಿಡುತ್ತವೆ. ತಟ್ಟಿದರೆ ಮತ್ತೆ ಬಿಡಿಬಿಡಿಯಾಗುತ್ತವೆ. ಇವೆರಡೂ ಮಾರ್ಕೋನಿಯವರ ಸ್ವಂತ ಶೋಧಗಳಲ್ಲ. 1895ರಲ್ಲಿ ಅಂಗಳಕ್ಕೆ ಇಳಿದ ಮೇಲೆ ಅವರು ಮಾಡಿದ ಒಂದು ಕೆಲಸ ಮಾತ್ರ ಹೊಸದಾಗಿತ್ತು. ಕಿಡಿಸಾಧನದ ಒಂದು ತುದಿಯನ್ನು ಮಣ್ಣಿಗೆ ಸೇರಿಸಿದರು, ಇನ್ನೊಂದನ್ನು ತಂತಿಯ ಮೂಲಕ ಕಂಬದ ಮೇಲಕ್ಕೆ ಒಯ್ದರು. ಗ್ರಾಹಕಕ್ಕೂ ಹಾಗೆಯೇ ಮಾಡಿದರು.

ಇಲ್ಲಿ ಮಕ್ಕಳಿಗೆ ಕೊಡಲು ಒಳ್ಳೆಯ ಅಂಕಿಗಳಿವೆ. ಅವರೇ ಮುಂದೆ ದಾಖಲಿಸಿದಂತೆ, 30 ಸೆಂಟಿಮೀಟರ್ ಬದಿಯ ತಗಡಿನ ಪೆಟ್ಟಿಗೆಯನ್ನು 2 ಮೀಟರ್ ಕಂಬದ ಮೇಲಿಟ್ಟಾಗ ಸಂಕೇತ 30 ಮೀಟರ್ ಹೋಯಿತು. 4 ಮೀಟರಿಗೆ ಏರಿಸಿದಾಗ 100 ಮೀಟರ್. 8 ಮೀಟರಿಗೆ ಏರಿಸಿದಾಗ 400 ಮೀಟರ್. ಪೆಟ್ಟಿಗೆಯ ಬದಿಯನ್ನು ಒಂದು ಮೀಟರಿಗೆ ಹಿಗ್ಗಿಸಿದಾಗ ಅದೇ 8 ಮೀಟರ್ ಎತ್ತರದಿಂದ 2,400 ಮೀಟರ್. ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನಿದ್ದರೆ ಸಾಕು. ಎತ್ತರ ಎರಡರಷ್ಟಾದರೆ ದೂರ ಸುಮಾರು ನಾಲ್ಕರಷ್ಟಾಗುತ್ತದೆ ಎಂದು ಯಾರಾದರೂ ಒಬ್ಬ ವಿದ್ಯಾರ್ಥಿ ಹೇಳಿಯೇ ಹೇಳುತ್ತಾನೆ. ಅವರು ಕಿಡಿಯ ಶಕ್ತಿಯನ್ನು ಹೆಚ್ಚಿಸಿ ಈ ದೂರ ಪಡೆಯಲಿಲ್ಲ ಎಂಬುದನ್ನು ಆಗ ಸೇರಿಸಿ. ಅದೇ ವರ್ಷ ಅಣ್ಣ ಅಲ್ಫೊನ್ಸೊ ಗ್ರಾಹಕವನ್ನು ಹಿಡಿದು ಗುಡ್ಡದ ಆಚೆಗೆ ಹೋದರು, ಸಂಕೇತ ಬಂದ ಕೂಡಲೇ ಕೋವಿಯ ಗುಂಡು ಹಾರಿಸಿ ತಿಳಿಸಿದರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

1896ರ ಫೆಬ್ರುವರಿಯಲ್ಲಿ ತಾಯಿಯೊಂದಿಗೆ ಲಂಡನ್ನಿಗೆ ಹೋದರು. ಜೂನ್ 2ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಬ್ರಿಟಿಷ್ ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಬೆಂಬಲಕ್ಕೆ ನಿಂತರು. 1897ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕೊಲ್ಲಿಯಲ್ಲಿ, ಲಾವರ್ನಾಕ್ ಎಂಬ ದಡಕ್ಕೂ ಫ್ಲಾಟ್ ಹೋಮ್ ದ್ವೀಪಕ್ಕೂ ನಡುವೆ ಸುಮಾರು 6 ಕಿಲೋಮೀಟರ್ ನೀರಿನ ಮೇಲೆ ಪ್ರಯೋಗ ನಡೆಯಿತು. ಮೊದಲ ದಿನಗಳಲ್ಲಿ ಅದು ಸರಿಹೋಗಲಿಲ್ಲ. ಬಂಡೆಯ ಮೇಲಿದ್ದ ಸಾಧನವನ್ನು ಕೆಳಗಿನ ದಂಡೆಗೆ ಇಳಿಸಿ, ಕಂಬದಿಂದ ಬರುವ ತಂತಿಯನ್ನು ಅಷ್ಟು ಉದ್ದ ಮಾಡಿದ ಮೇಲೆ ಸಂಕೇತ ಬಂತು. ಕಂಪನಿ ಕಟ್ಟಿದ್ದು ಅದೇ ವರ್ಷ. 1899ರ ಮಾರ್ಚಿನಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದರು, ಸುಮಾರು 50 ಕಿಲೋಮೀಟರ್. ಒಂದು ನಿಲ್ದಾಣದ ಸಂಕೇತ ಇನ್ನೊಂದರೊಡನೆ ಕಲಸಿಹೋಗದಂತೆ ಶ್ರುತಿ ಹೊಂದಿಸುವ ವಿಧಾನಕ್ಕೆ 1900ರಲ್ಲಿ ಅರ್ಜಿ ಹಾಕಿದರು. ಅದೇ ಹೆಸರಾದ 7777ನೆಯ ಪೇಟೆಂಟ್.

ಇಷ್ಟಾದ ಮೇಲೆ ಅಟ್ಲಾಂಟಿಕ್. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಪೋಲ್ಡ್ಯೂ ಎಂಬಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ರೂಪಿಸಿದ ದೊಡ್ಡ ಪ್ರೇಷಕ, ಅದರ ಸುತ್ತ ವೃತ್ತಾಕಾರದಲ್ಲಿ 60 ಮೀಟರ್ ಎತ್ತರದ 20 ಕಂಬಗಳು. 1901ರ ಸೆಪ್ಟೆಂಬರಿನ ಬಿರುಗಾಳಿಗೆ ಅವೆಲ್ಲ ಉರುಳಿದವು. ಅಮೆರಿಕದ ಕೇಪ್ ಕಾಡ್‌ನಲ್ಲಿ ಕಟ್ಟಿದ್ದ ಜೋಡಿ ನಿಲ್ದಾಣದ ಕಂಬಗಳೂ ನವೆಂಬರಿನಲ್ಲಿ ಬಿದ್ದವು. ಮಾರ್ಕೋನಿ ಕಾಯಲಿಲ್ಲ. ಪೋಲ್ಡ್ಯೂನಲ್ಲಿ ಎರಡು ಕಂಬಗಳ ನಡುವೆ ತಾತ್ಕಾಲಿಕ ತಂತಿ ಕಟ್ಟಿಸಿ, ತಾವು ಹತ್ತಿರದ ನ್ಯೂಫೌಂಡ್‌ಲ್ಯಾಂಡಿಗೆ ಹೊರಟರು. ಸೇಂಟ್ ಜಾನ್ಸ್ ಊರಿನ ಸಿಗ್ನಲ್ ಹಿಲ್ ಮೇಲೆ ಬಲೂನು ಹಾರಿಸಿದರು, ಗಾಳಿ ಅದನ್ನು ಒಯ್ದಿತು. ಗಾಳಿಪಟ ಹಾರಿಸಿದರು, ಅದೂ ಹೋಯಿತು. ಡಿಸೆಂಬರ್ 12ರಂದು ಇನ್ನೊಂದು ಗಾಳಿಪಟ ಸುಮಾರು 150 ಮೀಟರ್ ತಂತಿಯನ್ನು ಎತ್ತಿ ಹಿಡಿಯಿತು. ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ಅವರು ಕಿವಿಗಿಟ್ಟ ಟೆಲಿಫೋನಿನಲ್ಲಿ ಮೂರು ಚುಕ್ಕೆ, ಮೋರ್ಸ್ ಲಿಪಿಯ ಎಸ್ ಅಕ್ಷರ, ಕೇಳಿಸಿತು. ಸಹಾಯಕ ಜಾರ್ಜ್ ಕೆಂಪ್ ಕೈಗೆ ಕೊಟ್ಟರು, ಅವರಿಗೂ ಕೇಳಿಸಿತು. ದೂರ ಸುಮಾರು 3,500 ಕಿಲೋಮೀಟರ್.

ನಮ್ಮ ಪಠ್ಯಗಳು ಇಲ್ಲಿ ಚಪ್ಪಾಳೆ ತಟ್ಟಿ ನಿಲ್ಲುತ್ತವೆ. ನಾನೂ ಅಲ್ಲೇ ನಿಂತಿದ್ದೆ.

ಈಗ ಬಾವಿಯ ವಿಷಯ. ನಮ್ಮದು ಮಲೆನಾಡಿನ ಅಡಿಕೆ ತೋಟ. ಮನೆಯಿಂದ ಬಾವಿ ಸುಮಾರು 600 ಮೀಟರ್ ದೂರ. ನಡುವೆ ಮರಗಳು, ಒಂದು ಸಣ್ಣ ದಿಣ್ಣೆ. ಬಾವಿಯ ನೀರಿನ ಮಟ್ಟವನ್ನು ಮನೆಯಲ್ಲೇ ತಿಳಿಯಲೆಂದು ಎರಡು ಲೋರಾ ಮಾಡ್ಯೂಲ್ ತರಿಸಿದೆ. ದೂರ ಹೋಗುವುದಕ್ಕೆಂದೇ ಮಾಡಿದ, ಕಡಿಮೆ ವಿದ್ಯುತ್ತಿನ ಪುಟ್ಟ ರೇಡಿಯೊ ಇದು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865 ಮೆಗಾಹರ್ಟ್ಸ್ ಆಸುಪಾಸಿನದು. ಡಬ್ಬದ ಮೇಲೆ ಹತ್ತು ಕಿಲೋಮೀಟರ್ ಎಂದಿತ್ತು. ಬಾವಿಯ ಬಳಿ ಒಂದು, ಮನೆಯ ತಾರಸಿಯ ನೀರಿನ ತೊಟ್ಟಿಗೆ ಇನ್ನೊಂದು ಇಟ್ಟೆ. ಇವು ಕಳಿಸುವುದನ್ನು ಹಿಡಿಯಲು ಮೂರನೆಯದೊಂದನ್ನು ಜಗಲಿಯಲ್ಲಿಟ್ಟೆ. ಸಂದೇಶ ಬಂದಾಗ ಅದು ಬೀಪ್ ಎನ್ನಬೇಕು. ಮೊದಲ ವಾರ ಏನೂ ಬರಲಿಲ್ಲ. ಪ್ರಸಾರದ ಶಕ್ತಿಯನ್ನು ಗರಿಷ್ಠಕ್ಕೇರಿಸಿದೆ. ಒಂದು ಸಂಜೆ ಬೀಪ್ ಎಂದಿತು. ಅಪ್ಪಯ್ಯನಿಗೆ ಹೇಳಿದೆ, ಬಾವಿ ಮಾತಾಡುತ್ತಿದೆ, ಬೀಪ್ ಬರುತ್ತಿರುವಷ್ಟು ಹೊತ್ತು ನೀರಿದೆ ಎಂದು ತಿಳಿಯಿರಿ ಅಂತ. ಏಪ್ರಿಲ್ ತಿಂಗಳು. ಅವರು ಬೀಪ್ ನಂಬಿ ಪಂಪನ್ನು ಓಡಲು ಬಿಟ್ಟರು. ಬಾವಿ ಬತ್ತಿತ್ತು, ಮೋಟಾರ್ ಒಣಗಿ ಓಡಿ ವೈಂಡಿಂಗ್ ಸುಟ್ಟಿತು. ಬೀಪ್ ಬರುತ್ತಿದ್ದದ್ದು ತಾರಸಿಯ ತೊಟ್ಟಿಯಿಂದ. ಬಾವಿಯಿಂದ ಒಂದು ಸಂದೇಶವೂ ಎಂದೂ ಬಂದಿರಲಿಲ್ಲ. ಯಾವುದು ಎಲ್ಲಿಂದ ಬಂತೆಂದು ತಿಳಿಯಲು ಸಂದೇಶಕ್ಕೆ ಹೆಸರು, ಸಂಖ್ಯೆ ಏನನ್ನೂ ನಾನು ಹಾಕಿರಲಿಲ್ಲ. ಕೇಳಬೇಕೆಂದು ಕಾದವನಿಗೆ ಕೇಳಿಸಿತು, ಅಷ್ಟೆ.

ಸಿಗ್ನಲ್ ಹಿಲ್ ಮೇಲಿನ ಆ ಮಧ್ಯಾಹ್ನವನ್ನು ಮತ್ತೆ ಓದಿದ್ದು ಆಮೇಲೆ. ಗಾಳಿಪಟ ಏರಿಳಿಯುತ್ತಿದ್ದುದರಿಂದ ಶ್ರುತಿ ಹೊಂದಿಸಿದ ಗ್ರಾಹಕವನ್ನು ಬಳಸಲು ಆಗಲಿಲ್ಲ. ಶ್ರುತಿ ಇಲ್ಲದ್ದನ್ನೇ ಬಳಸಿದರು. ಸಂಕೇತ ದುರ್ಬಲವಾಗಿದ್ದುದರಿಂದ ಕಾಗದದ ಪಟ್ಟಿಯ ಮೇಲೆ ಮುದ್ರಿಸುವ ಯಂತ್ರವನ್ನು ಬಿಟ್ಟು ಕಿವಿಯನ್ನು ನಂಬಿದರು. ಯಾವ ಹೊತ್ತಿಗೆ ಯಾವ ಅಕ್ಷರ ಬರಬೇಕೆಂಬುದು ಕೇಳುವವರಿಗೆ ಮೊದಲೇ ಗೊತ್ತಿತ್ತು. ಎರಡೂ ದಡಗಳಲ್ಲಿ ಆಗ ಬೆಳಕಿತ್ತು. ಪೋಲ್ಡ್ಯೂನ ತರಂಗದ ಉದ್ದ ಸುಮಾರು 366 ಮೀಟರ್ ಇತ್ತೆಂಬುದು ಸಾಮಾನ್ಯ ಅಂದಾಜು. ಅಂಥ ತರಂಗವನ್ನು ಹಗಲಿನಲ್ಲಿ ಮೇಲಿನ ವಾತಾವರಣ ಹೀರಿಕೊಳ್ಳುತ್ತದೆ ಎಂದು ಇಂದು ನಮಗೆ ಗೊತ್ತು. ಕಿಡಿಯಲ್ಲಿ ಬೆರೆತಿದ್ದ ಹೆಚ್ಚು ಆವರ್ತನದ ಅಂಶಗಳು ಆ ಶ್ರುತಿಯಿಲ್ಲದ ಗ್ರಾಹಕಕ್ಕೆ ತಲುಪಿರಬಹುದು ಎಂದು ಕೆಲವರು ವಾದಿಸುತ್ತಾರೆ. ಗುಡುಗುಮಿಂಚಿನ ಗದ್ದಲವನ್ನೇ ಚುಕ್ಕೆಯೆಂದು ಕೇಳಿಸಿಕೊಂಡರು ಎಂದು ಇನ್ನು ಕೆಲವರು. ನನ್ನ ಪ್ರಶಿಕ್ಷಣಾರ್ಥಿ ಹುಡುಗನಿಗೆ ಕೊಟ್ಟ ಉತ್ತರಕ್ಕಿಂತ ಸರಿಯಾದ ಉತ್ತರ ಇಲ್ಲಿಲ್ಲ.

ಮಾರ್ಕೋನಿಯವರನ್ನು ನಾನು ಹೆಚ್ಚು ಮೆಚ್ಚಿದ್ದು ಇದರ ನಂತರದ ಎರಡು ತಿಂಗಳಿಗಾಗಿ. ಸಂದೇಹದ ಮಾತುಗಳು ಅವರ ಕಿವಿಗೂ ಬಿದ್ದಿದ್ದವು. 1902ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ಎಂಬ ಹಡಗನ್ನೇರಿ ಪೋಲ್ಡ್ಯೂನಿಂದ ದೂರ ಸರಿಯುತ್ತ ಹೋದರು. ಈ ಸಲ ಆಂಟೆನಾ ಹಡಗಿನ ಕಂಬಕ್ಕೆ ಬಿಗಿದದ್ದು, ಗ್ರಾಹಕ ಶ್ರುತಿ ಹೊಂದಿಸಿದ್ದು, ಸಂಕೇತ ಬಿದ್ದದ್ದು ಕಾಗದದ ಪಟ್ಟಿಯ ಮೇಲೆ, ಎಲ್ಲಿ ಬಂತೆಂಬುದಕ್ಕೆ ಸಾಕ್ಷಿ ಹಡಗಿನ ಕಪ್ತಾನರ ಸಹಿ. ರಾತ್ರಿಯಲ್ಲಿ ಪೂರ್ಣ ಸಂದೇಶಗಳು ಸುಮಾರು 2,500 ಕಿಲೋಮೀಟರ್ ತನಕ, ಎಸ್ ಅಕ್ಷರ ಸುಮಾರು 3,400 ಕಿಲೋಮೀಟರ್ ತನಕ ಬಂದವು. ಹಗಲಿನಲ್ಲಿ ಮಾತ್ರ ಸುಮಾರು 1,100 ಕಿಲೋಮೀಟರಿಗೇ ನಿಂತವು. ಈ ಎರಡನೆಯ ಅಂಕಿ ಅವರ ಹಿಂದಿನ ಹೇಳಿಕೆಗೆ ಅನುಕೂಲವಾದದ್ದಲ್ಲ; ಆದರೂ ಪ್ರಕಟಿಸಿದರು. ಹಗಲು ರಾತ್ರಿಗಳ ಈ ವ್ಯತ್ಯಾಸವನ್ನು ಮೊದಲು ಗುರುತಿಸಿದ ಗೌರವ ಆ ಪ್ರಯಾಣದ್ದು. ಭೂಮಿಯ ಬಾಗನ್ನು ತರಂಗ ಹೇಗೆ ದಾಟುತ್ತದೆ ಎಂಬುದರ ಬಗ್ಗೆ ಅವರ ಊಹೆ ತಪ್ಪಾಗಿತ್ತು. ಮೇಲೆ ವಿದ್ಯುದಾವೇಶದ ಪದರವೊಂದು ತರಂಗವನ್ನು ಹಿಂದಿರುಗಿಸುತ್ತದೆ ಎಂದು ಕೆನೆಲಿ ಮತ್ತು ಹೆವಿಸೈಡ್ ಅದೇ 1902ರಲ್ಲಿ ಬೇರೆ ಬೇರೆಯಾಗಿ ಸೂಚಿಸಿದರು. 1924ರಲ್ಲಿ ಆ್ಯಪಲ್ಟನ್ ಪ್ರಯೋಗದಿಂದ ತೋರಿಸಿದರು.

ಸಿಗ್ನಲ್ ಹಿಲ್‌ನಲ್ಲಿ ಬಳಸಿದ ಪಾದರಸದ ಪತ್ತೆಸಾಧನದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಅರ್ಧದಷ್ಟು ಜನ ರೇಡಿಯೊ ಕಂಡುಹಿಡಿದವರು ಮಾರ್ಕೋನಿ ಎಂದೂ, ಉಳಿದವರು ಅದನ್ನು ಜಗದೀಶ ಚಂದ್ರ ಬೋಸರಿಂದ ಕದ್ದರೆಂದೂ ಪಾಠ ಮಾಡುತ್ತಾರೆ. ಆ ಸಾಧನವನ್ನು ಅವರಿಗೆ ಕೊಟ್ಟದ್ದು ಇಟಲಿಯ ನೌಕಾಪಡೆಯ ಲುಯಿಜಿ ಸೊಲಾರಿ. ಕಬ್ಬಿಣ ಮತ್ತು ಪಾದರಸ ಬಳಸಿದ ಅಂಥದೇ ಸಾಧನವನ್ನು ಬೋಸರು 1899ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದರು. ಆ ಮನ್ನಣೆ ಬೋಸರಿಗೆ ಸಲ್ಲಬೇಕು. ಆದರೆ ಕಲ್ಕತ್ತೆಯಲ್ಲಿ ಅವರು ಕೆಲಸ ಮಾಡುತ್ತಿದ್ದದ್ದು ಮಿಲಿಮೀಟರುಗಳಲ್ಲಿ ಅಳೆಯುವ ತರಂಗಗಳೊಂದಿಗೆ. ಬೆಳಕಿನಂತೆ ಅವು ಹೇಗೆ ಬಾಗುತ್ತವೆ, ಹೇಗೆ ಪ್ರತಿಫಲಿಸುತ್ತವೆ ಎಂಬುದು ಅವರ ಆಸಕ್ತಿ. ಇಬ್ಬರ ಪ್ರಶ್ನೆಗಳೇ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 1943ರಲ್ಲಿ ಮಾರ್ಕೋನಿಯವರ ಒಂದು ಪೇಟೆಂಟಿನ ಮುಖ್ಯ ಭಾಗಗಳನ್ನು ತಳ್ಳಿಹಾಕಿದಾಗ ಎಣಿಸಿದ ಹಿಂದಿನವರ ಹೆಸರುಗಳು ಲಾಜ್, ಟೆಸ್ಲಾ, ಸ್ಟೋನ್.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. 1907ರಲ್ಲಿ ಅಟ್ಲಾಂಟಿಕ್ ದಾಟುವ ವಾಣಿಜ್ಯ ಸೇವೆ. 1909ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅವರೊಂದಿಗೆ ನೊಬೆಲ್ ಪಾರಿತೋಷಕ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅವರ ಕಂಪನಿಯ ಇಬ್ಬರು ನಿರ್ವಾಹಕರು ಕಳಿಸಿದ ಕರೆ ಕಾರ್ಪೇಥಿಯಾ ಹಡಗನ್ನು ತಲುಪಿ ಸುಮಾರು 700 ಜೀವಗಳು ಉಳಿದವು. ದೂರ ಬೇಕಾದರೆ ಉದ್ದದ ತರಂಗ, ದೈತ್ಯ ಶಕ್ತಿ ಎಂದು ಅವರು ಇಷ್ಟರಲ್ಲಿ ನಂಬಿ ಕೂತಿದ್ದರು. 1916ರಿಂದ ಆ ನಂಬಿಕೆಯನ್ನು ತಾವೇ ಬಿಡಿಸಿಕೊಳ್ಳಲು ತೊಡಗಿದರು. ಸಿ. ಎಸ್. ಫ್ರಾಂಕ್ಲಿನ್ ಜೊತೆ ಕಿರುತರಂಗಗಳನ್ನು ಪರೀಕ್ಷಿಸಿ, 1924ರಲ್ಲಿ 32 ಮೀಟರ್ ತರಂಗ ಹಗಲಿನಲ್ಲೂ ಸಾವಿರಾರು ಕಿಲೋಮೀಟರ್ ಹೋಗುವುದನ್ನು ಕಂಡರು. ಒಂದೇ ದಿಕ್ಕಿಗೆ ತಿರುಗಿಸಿದ ಆಂಟೆನಾಗಳಿಂದ, ಹಳೆಯ ನಿಲ್ದಾಣಗಳಿಗಿಂತ ಬಹಳ ಕಡಿಮೆ ಶಕ್ತಿಯಲ್ಲಿ, ಇಂಗ್ಲೆಂಡಿನಿಂದ ದೇಶದೇಶಗಳಿಗೆ ಬೀಮ್ ಸೇವೆ ಏರ್ಪಟ್ಟಿತು. 1927ರಲ್ಲಿ ಅದು ಭಾರತಕ್ಕೂ ಬಂತು; ಇಲ್ಲಿನ ನಿಲ್ದಾಣಗಳು ಪುಣೆಯ ಬಳಿಯ ಖಡಕಿ ಮತ್ತು ದೌಂಡ್‌ನಲ್ಲಿದ್ದವು.

1932ರಲ್ಲಿ ಅವರು ಇನ್ನೂ ಕಿರಿದಾದ, 57 ಸೆಂಟಿಮೀಟರ್ ತರಂಗವನ್ನು ಹಿಡಿದರು. ರೋಮ್ ಬಳಿಯ ರೊಕ್ಕಾ ದಿ ಪಾಪಾ ಬೆಟ್ಟದಿಂದ ಸಾರ್ಡಿನಿಯಾ ದ್ವೀಪದವರೆಗೆ, ಸುಮಾರು 270 ಕಿಲೋಮೀಟರ್, ದಿಗಂತದ ಆಚೆಗೂ ಅದು ಹೋಯಿತು. ನಮ್ಮ ಲೋರಾ ಮಾಡ್ಯೂಲಿನ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಮುದುಕರಾದ ಮಾರ್ಕೋನಿ ಕೊನೆಗೆ ಬಂದು ನಿಂತದ್ದು ಹೆಚ್ಚುಕಡಿಮೆ ನಮ್ಮ ಅಡಿಕೆ ತೋಟದ ತರಂಗದ ನೆರೆಯಲ್ಲೇ!

ತೋಟದಲ್ಲಿ ನಾನು ಆಮೇಲೆ ಮಾಡಿದ್ದನ್ನು ಬರೆಯುತ್ತೇನೆ, ವಿಜ್ಞಾನ ಸಂಘದಲ್ಲಿ ಮಾಡಿಸುವವರಿಗೆ ಉಪಯೋಗವಾದೀತು. ಮಾಡ್ಯೂಲಿಗೆ ನಾನು ಸಿಕ್ಕಿಸಿದ್ದ ಆಂಟೆನಾ 433 ಮೆಗಾಹರ್ಟ್ಸಿನದು, ಸುಮಾರು 17 ಸೆಂಟಿಮೀಟರ್ ಕಡ್ಡಿ. 865ಕ್ಕೆ ಅದು ಹೊಂದುವುದಿಲ್ಲ. ತರಂಗದ ಕಾಲುಭಾಗ, ಅಂದರೆ ಎಂಟೂವರೆ ಸೆಂಟಿಮೀಟರ್ ಚಿಲ್ಲರೆ ತಂತಿಯನ್ನು ಕತ್ತರಿಸಿ ಹಾಕಿದೆ. ಮಳೆಗೆ ನೆನೆಯದಿರಲೆಂದು ತಗಡಿನ ಡಬ್ಬಿಯೊಳಗೆ ಮುಚ್ಚಿಟ್ಟಿದ್ದೆ. ತಗಡು ತರಂಗವನ್ನು ಹೊರಗೆ ಬಿಡುವುದಿಲ್ಲ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವನು ನಾನೇ. ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿದೆ. ಎರಡೂ ಕಡೆ ತಂತಿಯನ್ನು ನೆಟ್ಟಗೆ ನಿಲ್ಲಿಸಿದೆ. ಒಂದು ನಿಂತು ಇನ್ನೊಂದು ಮಲಗಿದ್ದರೆ ನಷ್ಟ. ಜಗಲಿಯ ಗ್ರಾಹಕವನ್ನು ಬಿದಿರಿನ ಗಳಕ್ಕೆ ಕಟ್ಟಿ ಮಾಡಿನ ಮೇಲಕ್ಕೆ ಏರಿಸಿದೆ, ಮಾಡ್ಯೂಲನ್ನೇ ಮೇಲಿಟ್ಟೆ. ಆಂಟೆನಾ ಮಾತ್ರ ಮೇಲಿಟ್ಟು ಹತ್ತು ಮೀಟರ್ ತೆಳು ಕೇಬಲ್ ಎಳೆದರೆ ಈ ಆವರ್ತನದಲ್ಲಿ ಶಕ್ತಿಯ ಹತ್ತರಲ್ಲಿ ಒಂದು ಪಾಲಷ್ಟೇ ಕೆಳಗೆ ಉಳಿಯುತ್ತದೆ. ಆಂಟೆನಾ ಇಲ್ಲದೆ ಮಾತ್ರ ಎಂದೂ ಪ್ರಸಾರ ಮಾಡಬೇಡಿ, ಮಾಡ್ಯೂಲ್ ಕೆಡಬಹುದು. ಕೊನೆಗೆ ಸ್ಪ್ರೆಡಿಂಗ್ ಫ್ಯಾಕ್ಟರ್ ಎಂಬ ಹೊಂದಿಕೆಯನ್ನು 7ರಿಂದ 10ಕ್ಕೆ ಏರಿಸಿದೆ. ಒಂದೊಂದು ಮೆಟ್ಟಿಲಿಗೂ ಸಂದೇಶ ಸಾಗಲು ಸುಮಾರು ಎರಡರಷ್ಟು ಹೊತ್ತು ಬೇಕು, ಆದರೆ ಇನ್ನೂ ಕ್ಷೀಣವಾದದ್ದನ್ನು ಹಿಡಿಯಬಹುದು. ಗದ್ದಲದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದ ಹಾಗೆ.

ಎತ್ತರದ ಮಾತು ಹೇಳುವಾಗ ಒಂದು ಎಚ್ಚರ. ಮಾರ್ಕೋನಿಯವರಿಗೆ ಎತ್ತರ ದೂರ ಕೊಟ್ಟದ್ದಕ್ಕೂ ನಮಗೆ ಕೊಡುವುದಕ್ಕೂ ಕಾರಣ ಒಂದೇ ಅಲ್ಲ. ಅವರ ತಂತಿ ಉದ್ದವಾದಂತೆ ತರಂಗವೂ ಉದ್ದವಾಗುತ್ತಿತ್ತು, ಉದ್ದದ ತರಂಗ ಗುಡ್ಡವನ್ನು ಬಳಸಿ ಹೋಗುತ್ತದೆ. ನಮ್ಮ ತರಂಗದ ಉದ್ದ ಬದಲಾಗುವುದಿಲ್ಲ. ಎತ್ತರ ಬೇಕಾದದ್ದು ದಾರಿಯಲ್ಲಿ ತೆರವು ಸಿಗಲೆಂದು. ಕಣ್ಣಿಗೆ ಕಂಡರೆ ಸಾಲದು. ಒಂದು ಕಿಲೋಮೀಟರ್ ದಾರಿಯ ನಡುಮಧ್ಯದಲ್ಲಿ ನೇರ ಗೆರೆಯ ಸುತ್ತ ಸುಮಾರು 9 ಮೀಟರ್ ತ್ರಿಜ್ಯದ ಜಾಗದಲ್ಲಿ ತರಂಗ ಹರಡಿಕೊಂಡು ಸಾಗುತ್ತದೆ, ಅದರ ಹೆಚ್ಚಿನ ಪಾಲು ಖಾಲಿ ಇರಬೇಕು. ಮಳೆಗಾಲದ ಒದ್ದೆ ಸೋಗೆ ಅಲ್ಲಿ ತೂಗುತ್ತಿದ್ದರೆ ಡಬ್ಬದ ಮೇಲಿನ ಹತ್ತು ಕಿಲೋಮೀಟರ್ ಡಬ್ಬದ ಮೇಲೆಯೇ ಉಳಿಯುತ್ತದೆ.

ಈಗ ಪ್ರತಿ ಸಂದೇಶಕ್ಕೂ ಹೆಸರಿದೆ, ಸಂಖ್ಯೆ ಇದೆ. ತಪ್ಪಿದ ಸಂಖ್ಯೆಗಳನ್ನು ಅಪ್ಪಯ್ಯ ಕ್ಯಾಲೆಂಡರಿನ ಮೇಲೆ ಗೀಚಿಡುತ್ತಾರೆ. ಬೀಪ್ ತೆಗೆದುಹಾಕಿದ್ದೇನೆ.

ಮಾರ್ಕೋನಿಯವರ ಕೊನೆಯ ವರ್ಷಗಳನ್ನು ಮಕ್ಕಳಿಂದ ಮುಚ್ಚಿಡಬೇಕಿಲ್ಲ. 1923ರಲ್ಲಿ ಅವರು ಫ್ಯಾಸಿಸ್ಟ್ ಪಕ್ಷ ಸೇರಿದರು. 1930ರಲ್ಲಿ ಮುಸೊಲಿನಿ ಅವರನ್ನು ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದರು. ಎಲೆತ್ತ್ರಾ ಎಂಬ ತಮ್ಮ ವಿಹಾರನೌಕೆಯನ್ನೇ ಪ್ರಯೋಗಾಲಯ ಮಾಡಿಕೊಂಡು ಸಮುದ್ರದಲ್ಲಿರುವುದು ಅವರಿಗೆ ಇಷ್ಟವಾಗಿತ್ತು. 1937ರ ಜುಲೈ 20ರಂದು ರೋಮಿನಲ್ಲಿ ತೀರಿಕೊಂಡರು, 63 ವರ್ಷ. ಅವರ ಗೌರವಾರ್ಥ ಅನೇಕ ದೇಶಗಳ ರೇಡಿಯೊ ನಿಲ್ದಾಣಗಳು ಎರಡು ನಿಮಿಷ ಪ್ರಸಾರ ನಿಲ್ಲಿಸಿದವು.

ಆ ಪ್ರಶಿಕ್ಷಣಾರ್ಥಿ ಈಗ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಾನು ಕೊಟ್ಟ ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ತಿದ್ದಲು ಬರುವುದಿಲ್ಲ. ಫೋನು ಮಾಡಿ ಕ್ಷಮೆ ಕೇಳಿ, ಅವರ ಪಾಠ ಯೋಜನೆಯ ಪ್ರತಿಯನ್ನು ತರಿಸಿಕೊಂಡೆ. ಈ ವರ್ಷದ ಮಾದರಿ ಪಾಠಕ್ಕೆ ಅದನ್ನೇ ಇಟ್ಟುಕೊಂಡಿದ್ದೇವೆ. ಫಿಲಡೆಲ್ಫಿಯಾ ಹಡಗಿನ ಅಂಕಿಗಳನ್ನು ಸೇರಿಸಿದ್ದೇನೆ. ಹುಡುಗನ ಪ್ರಶ್ನೆಗೆ ಆಕೆ ಗೊತ್ತಿಲ್ಲ ಎಂದ ಜಾಗವನ್ನು ಮುಟ್ಟಿಲ್ಲ.